ಆರರ ವಾರ್ತೆಗೆ ಉಳಿಸಿದ ಸೆಲ್ಲು

ಅರಸೀಕೆರೆಯಲ್ಲಿ ಬೆಳಗಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಸ್ಟೇಷನ್ ಕಡೆಯಿಂದ ಕಲ್ಲಿದ್ದಲ ಹೊಗೆ, ಅದರ ಬೆನ್ನಿಗೇ ಕಾದ ಎಣ್ಣೆಗೆ ಬಿದ್ದ ವಡೆಯ ಘಮ. ಯಾರ್ಡಿನಲ್ಲಿ ಮೀಟರ್ ಗೇಜಿನ ಉಗಿ ಎಂಜಿನ್ನೊಂದು ನಿಂತಲ್ಲೇ ಏದುಸಿರು ಬಿಡುತ್ತಿದೆ. ನೀವು ಹತ್ತೊಂಬತ್ತರ ಹುಡುಗ, ಬಿಎ ಎರಡನೇ ವರ್ಷ, ಬಾಡಿಗೆ ಕೋಣೆಯ ಚಾಪೆಯ ಮೇಲೆ ಕಂಬಳಿಯೊಳಗೆ ಮುದುರಿ ಮಲಗಿದ್ದೀರಿ ಎಂದುಕೊಳ್ಳಿ. ಗೋಡೆಯಾಚೆ ಮನೆ ಓನರು ರೇಡಿಯೊ ಕಿವಿ ಹಿಂಡುತ್ತಾರೆ. ಮೊದಲು ಗೊರಗೊರ, ಆಮೇಲೆ ತಂಬೂರಿ, ಅದರ ಮೇಲೆ ನಿಧಾನ ಏರುವ ಪಿಟೀಲು. ಆಕಾಶವಾಣಿ ಕಣ್ಣು ಬಿಟ್ಟಿತು. ಎದೆಯಲ್ಲಿ ಸಣ್ಣಗೆ ಏನೋ ಹಿಂಡುವ ಈ ರಾಗವನ್ನು ಕಟ್ಟಿದವನು ವಾಲ್ಟರ್ ಕೌಫ್‌ಮನ್, ಹಿಟ್ಲರನ ಕಾಲಕ್ಕೆ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದಿಳಿದ ಯಹೂದಿ. ಅದು ನಿಮಗಿನ್ನೂ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸೀತು.

1984ರ ಅಕ್ಟೋಬರ್ 31, ಬುಧವಾರ.

6:55ಕ್ಕೆ ಸಂಸ್ಕೃತ ವಾರ್ತೆ. ಓಣಿಯ ಹುಡುಗರು ಹಲ್ಲುಪುಡಿ ತುಂಬಿದ ಬಾಯಲ್ಲೇ ‘ಸಂಪ್ರತಿ ವಾರ್ತಾಃ ಶ್ರೂಯಂತಾಂ’ ಅಂತ ಮೂಗಿನಲ್ಲಿ ಅಣಕಿಸುತ್ತಾರೆ. 7:35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ಆ ದನಿ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: ‘ಏಳೂವರೆ ದಾಟ್ತು, ಎದ್ದೇಳ್ರೋ.’ ಪ್ರಧಾನಿ ನಿನ್ನೆ ಭುವನೇಶ್ವರದಲ್ಲಿ ಭಾಷಣ ಮಾಡಿ ರಾತ್ರಿಯೇ ದೆಹಲಿಗೆ ಮರಳಿದ್ದಾರೆ. ನೀವು ಅರ್ಧ ಕಿವಿಯಲ್ಲಿ ಕೇಳುತ್ತ ಇನ್ನರ್ಧ ತಲೆಯಲ್ಲಿ ಮಾವನ ಕಾರ್ಡು ನೆನೆಯುತ್ತೀರಿ. ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಟೀ ಹೋಟೆಲ್ ಇಟ್ಟಿರುವ ಸೋದರಮಾವ ಬರೆದಿದ್ದಾರೆ: ಬರುವಾಗ ರೇಡಿಯೊಕ್ಕೆ ನಾಲ್ಕು ಸೆಲ್ ತರುವುದು, ಮರೆಯಬಾರದು. ಮರೆತಿಲ್ಲ. ಆದರೆ ಬಸ್ ಸ್ಟ್ಯಾಂಡಿನ ಅಂಗಡಿ ಬಾಗಿಲು ತೆಗೆದಿಲ್ಲ, ಡ್ರೈವರು ಹಾರನ್ ಹೊಡೆಯುತ್ತಿದ್ದಾನೆ. ಅಂಗಡಿಗೆ ಕಾಯಬೇಕೋ, ಬಸ್ ಹಿಡಿಯಬೇಕೋ? ನೀವು ಬಸ್ ಹಿಡಿಯುತ್ತೀರಿ. ಇಡೀ ದಿನ ನಿಮ್ಮನ್ನು ಕಾಡುವುದು ಈ ಒಂದು ಸಣ್ಣ ತೀರ್ಮಾನ.

ಜಾವಗಲ್ಲಿನಲ್ಲಿ ಬಸ್ಸು ಟೀಗೆ ನಿಲ್ಲುತ್ತದೆ. ಹಸಿರು ರಾಗಿ ಹೊಲ ಬಂಗಾರಕ್ಕೆ ತಿರುಗುವ ಕಾಲ, ಗಾಳಿಯಲ್ಲಿ ಒದ್ದೆ ಮಣ್ಣು. ಕಂಡಕ್ಟರ್ ಕೈಯಲ್ಲಿ ಲೋಟ ಹಿಡಿದೇ ಟಿಕೆಟ್ ಹರಿಯುತ್ತಾನೆ. ಒಂಬತ್ತೂಕಾಲು ದಾಟಿದೆ. ಈ ಹೊತ್ತಿಗೇ ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಒಂದನೇ ನಂಬರ್ ಬಂಗಲೆಯಿಂದ ಒಬ್ಬ ಹೆಂಗಸು ಪಕ್ಕದ ಕಚೇರಿಗೆ ಹೊರಟಿದ್ದಾಳೆ. ಅಲ್ಲಿ ನಟ ಪೀಟರ್ ಉಸ್ತಿನೊವ್ ಸಂದರ್ಶನಕ್ಕೆ ಕ್ಯಾಮೆರಾ ಹೂಡಿ ಕಾಯುತ್ತಿದ್ದಾನೆ. ನಡುವಿನ ಪುಟ್ಟ ಗೇಟಿನ ಹತ್ತಿರ ಕಾವಲಿನವರೇ ಬಂದೂಕು ಎತ್ತುತ್ತಾರೆ. ಜಾವಗಲ್ಲಿನಲ್ಲಿ ಎಲೆ ಕೂಡ ಅಲ್ಲಾಡುವುದಿಲ್ಲ. ಕಂಡಕ್ಟರ್ ‘ರೈಟ್’ ಅನ್ನುತ್ತಾನೆ, ಬಸ್ಸು ಹೊರಡುತ್ತದೆ.

‘ಸೆಲ್ ಎಲ್ಲಲಾ?’

ಮಾವ ನಿಮ್ಮ ಮುಖ ನೋಡುವ ಮೊದಲು ಚೀಲ ನೋಡುತ್ತಾರೆ.

‘ಅಂಗ್ಡಿ ತೆಗ್ದಿರ್ಲಿಲ್ಲ ಮಾವ.’

‘ಬಿಎ ಓದ್ತಾನಂತೆ ಬಿಎ.’ ಅವರು ಚರ್ಮದ ಕವಚದ ಮೂರು ಬ್ಯಾಂಡಿನ ಟ್ರಾನ್ಸಿಸ್ಟರಿನ ಬೆನ್ನು ಬಿಚ್ಚಿ, ಕೆಂಪು ಸೆಲ್ಲುಗಳನ್ನು ಒಂದೊಂದಾಗಿ ತೆಗೆದು, ಮಾಡಿನ ಹೆಂಚಿನ ಮೇಲೆ ಬಿಸಿಲಿಗೆ ಸಾಲಾಗಿ ಜೋಡಿಸುತ್ತಾರೆ, ಹಪ್ಪಳ ಒಣಗಿಸಿದ ಹಾಗೆ. ಸತ್ತ ಸೆಲ್ಲಿಗೆ ಬಿಸಿಲು ಕುಡಿಸಿದರೆ ಒಂದಷ್ಟು ಹೊತ್ತು ಜೀವ ಬರುತ್ತದೆ. ಎಷ್ಟು ಹೊತ್ತು ಎಂಬುದು ಅವರವರ ಪುಣ್ಯ. ಈ ರೇಡಿಯೊ ಎಂದರೆ ಮಾವನಿಗೆ ಹಟ್ಟಿಯ ಹಸುವಿಗಿಂತ ಹೆಚ್ಚು. ವರ್ಷಾವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬಂದ ಮನುಷ್ಯ. ‘ಆಕಾಶವಾಣಿ ಅನ್ನೋ ಹೆಸ್ರು ನಮ್ ಮೈಸೂರ್ನೋರು ಇಟ್ಟಿದ್ದು’ ಎಂದು ಗಿರಾಕಿಗಳಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಹೇಳುವುದು ಸುಳ್ಳಲ್ಲ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಕೇಂದ್ರ ಹಾಕಿ ಆ ಹೆಸರಿನಲ್ಲಿ ದನಿ ಬಿತ್ತಿದ್ದರು.

ಮಧ್ಯಾಹ್ನದ ಹಾಸನದ ಬಸ್ಸಿನಿಂದ ಕಂಡಕ್ಟರ್ ಇಳಿಯುವುದಿಲ್ಲ, ಧುಮುಕುತ್ತಾನೆ.

‘ಅಣ್ಣಾ, ರೇಡಿಯೊ ಹಾಕು! ಇಂದ್ರಮ್ಮಂಗೆ ಗುಂಡು ಹೊಡದವ್ರಂತೆ!’

ಮಾವ ಬೋಂಡದ ಜಾಲರಿ ಬಾಣಲೆಯಲ್ಲೇ ಬಿಟ್ಟು ಹೆಂಚಿಗೆ ಕೈ ಹಾಕುತ್ತಾರೆ. ಸೆಲ್ಲು ಸುಡುತ್ತಿದೆ. ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸುತ್ತ ತುರುಕುತ್ತಾರೆ. ಮುಳ್ಳು ಸರಿಯುತ್ತದೆ, ಭದ್ರಾವತಿ, ಬೆಂಗಳೂರು. ಹೌದು. ಪ್ರಧಾನಿಯ ಮೇಲೆ ಗುಂಡಿನ ದಾಳಿ, ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿಸಿದ್ದಾರೆ. ಅಷ್ಟೇ. ಬಾಣಲೆಯಲ್ಲಿ ಬೋಂಡ ಕಪ್ಪಾಗಿ ಹೊಗೆ ಏಳುತ್ತಿದೆ, ಯಾರೂ ಎತ್ತುತ್ತಿಲ್ಲ. ಸುತ್ತ ಹದಿನೈದು ಇಪ್ಪತ್ತು ಜನ: ಗಾಡಿಯವರು, ಗೈಡುಗಳು, ಬಳಪದ ಕಲ್ಲಿನ ಗೊಂಬೆ ಮಾರುವ ಹುಡುಗರು, ಸೀಬೆಹಣ್ಣಿನ ಬುಟ್ಟಿಯ ಅಜ್ಜಿ. ಎಲ್ಲರ ಬೆವರು, ಬೀಡಿ, ಉಸಿರು ನಿಮ್ಮ ಕತ್ತಿನ ಮೇಲೆ.

‘ಏನೂ ಆಗಕ್ಕಿಲ್ಲ’ ಎನ್ನುತ್ತಾರೆ ಮಾವ. ‘ಆ ತಾಯಿ ಗಟ್ಟಿ ಜೀವ.’

ಈ ಸೀಮೆಯಲ್ಲಿ ಇಂದಿರಾ ಎಂಬುದು ಬರೀ ಪತ್ರಿಕೆಯಲ್ಲಿ ಓದುವ ಹೆಸರಲ್ಲ. ಆರು ವರ್ಷದ ಹಿಂದೆ, 1978ರ ನವೆಂಬರಿನಲ್ಲಿ, ಬೇಲೂರಿನಿಂದ ಗುಡ್ಡ ಇಳಿದು ಹತ್ತಿದರೆ ಸಿಗುವ ಚಿಕ್ಕಮಗಳೂರಿನಲ್ಲಿ ಆಕೆ ಉಪಚುನಾವಣೆಗೆ ನಿಂತಿದ್ದರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು, ಎದುರಾಳಿ ವೀರೇಂದ್ರ ಪಾಟೀಲರು, ಗೆದ್ದ ಅಂತರ ಎಪ್ಪತ್ತು ಸಾವಿರದ ಮೇಲೆ. ಮಾವ ಹೋಟೆಲ್ ಮುಚ್ಚಿ ಹೋಗಿ ರಸ್ತೆಬದಿ ನಿಂತು ನೋಡಿ ಬಂದಿದ್ದರು. ಜೀಪಿನಿಂದ ಕೈ ಬೀಸಿದ್ದು ತನಗೇ ಎಂದು ಇವತ್ತಿಗೂ ನಂಬಿದ್ದಾರೆ.

ಗಂಟೆ ಎರಡೂವರೆಯ ಹತ್ತಿರ. ಆಕಾಶವಾಣಿ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದೆ, ಒಳಗಿನ ಸುದ್ದಿ ಹೇಳುತ್ತಿಲ್ಲ. ಗುಂಪಿನಿಂದ ಯಾರೋ ಅನ್ನುತ್ತಾರೆ: ‘ಬಿಬಿಸಿ ಹಾಕ್ರಪ್ಪ, ಓದಿದ ಹುಡುಗ ಇದ್ದಾನಲ್ಲ.’

ಮಾವ ನಿಮ್ಮನ್ನು ನೋಡುತ್ತಾರೆ, ಸೆಲ್ಲಿನ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ‘ಸಂಜಿ ವಾರ್ತೆಗೆ ಉಳೀಬೇಕು ಕಣ್ಲಾ. ಐದೇ ನಿಮಿಷ.’

ಬ್ಯಾಂಡಿನ ಗುಂಡಿಯನ್ನು ಶಾರ್ಟ್‌ವೇವಿಗೆ ಸರಿಸುತ್ತೀರಿ. ಕೂದಲೆಳೆಯಷ್ಟು ಕೈ ಜಾರಿದರೂ ಲಂಡನ್ ಹೋಗಿ ಇನ್ಯಾವುದೋ ಭಾಷೆ ಬರುತ್ತದೆ. ಸೀಟಿ, ಸಮುದ್ರದ ಮೊರೆತ, ಸೀಟಿ. ಬೆರಳ ತುದಿ ಬೆವೆತು ತಿರುಪು ಜಾರುತ್ತಿದೆ. ಆಮೇಲೆ ಒಂದು ದನಿ, ಅಲೆಯ ಮೇಲೆ ಕೂತಂತೆ ಏರುತ್ತ, ಇಳಿಯುತ್ತ. ಕಿವಿಯನ್ನು ಕವಚದ ತೂತುಗಳಿಗೆ ಒತ್ತುತ್ತೀರಿ. ಚರ್ಮಕ್ಕೆ ಸೀಮೆಎಣ್ಣೆ, ಟೀಸೊಪ್ಪಿನ ವಾಸನೆ. ಇಂಡಿಯನ್ ಪ್ರೈಮ್ ಮಿನಿಸ್ಟರ್. ದನಿ ಮುಳುಗುತ್ತದೆ. ಮತ್ತೆ ಏಳುತ್ತದೆ. ಡೆಡ್. ಸರಿಯಾಗಿ ಕೇಳಿತೆ? ಮತ್ತೆ ಅದೇ ಮಾತು. ಆಮೇಲೆ ಇನ್ನೆರಡು ಪದ, ಮುಳುಗುವ ಮುನ್ನ, ತೀರಾ ಸ್ಪಷ್ಟ: ಸಿಖ್ ಬಾಡಿಗಾರ್ಡ್ಸ್.

ನಾಲಿಗೆ ಒಣಗುತ್ತದೆ.

‘ಏನಂತಲಾ?’

ಇಪ್ಪತ್ತು ಮುಖ ನಿಮ್ಮ ಬಾಯಿಯನ್ನೇ ನೋಡುತ್ತಿವೆ. ಹಳೇಬೀಡಿನಲ್ಲಿ ಈ ಸುದ್ದಿ ಗೊತ್ತಿರುವ ಒಬ್ಬನೇ ಒಬ್ಬ ಸದ್ಯಕ್ಕೆ ನೀವು. ನೀವು ತಲೆ ಎತ್ತಿದಾಗ ಗುಂಪಿನ ಹೆಗಲುಗಳ ನಡುವಿನ ಸಂದಿಯಲ್ಲಿ ದೇವಸ್ಥಾನದ ಗೇಟು ಕಾಣುತ್ತದೆ. ಅರ್ಧ ಗಂಟೆ ಮುಂಚೆ ಆ ಗೇಟಿನೊಳಗೆ ಹೋದವರನ್ನು ನೀವು ನೋಡಿದ್ದೀರಿ: ನೀಲಿ ಪೇಟದ ಗಂಡಸು, ಫ್ಲಾಸ್ಕು ಹಿಡಿದ ಹೆಂಡತಿ, ತಲೆಯ ಮೇಲೆ ಜುಟ್ಟು ಕಟ್ಟಿ ಬಿಳಿ ಕರ್ಚೀಫು ಸುತ್ತಿದ ಆರೇಳು ವರ್ಷದ ಹುಡುಗ. ಅವರು ಬಂದ ಬೆಂಗಳೂರಿನ ಟ್ಯಾಕ್ಸಿ ಮರದ ನೆರಳಿನಲ್ಲಿ ನಿಂತಿದೆ. ಬೆಳಿಗ್ಗೆ ಬೇಲೂರು ಚೆನ್ನಕೇಶವನನ್ನು ನೋಡಿಕೊಂಡು ಬಂದವರು.

‘ಹೋಗ್ಬಿಟ್ರಂತೆ’ ಎನ್ನುತ್ತೀರಿ.

‘ಯಾರು ಹೊಡ್ದಿದ್ದಂತೆ?’

‘ಅದು ಸರಿಯಾಗಿ ಕೇಳಲಿಲ್ಲ.’

ಕೇಳಿತ್ತು. ನಿಮ್ಮ ಕಿವಿ ಬಿಸಿಯಾಗುತ್ತದೆ. ಸೀಬೆಹಣ್ಣಿನ ಅಜ್ಜಿ ಸೆರಗು ಬಾಯಿಗೆ ಒತ್ತಿ ಅಳಲು ತೊಡಗುತ್ತಾಳೆ, ಒಬ್ಬ ಗಾಡಿಯವನು ನೆಲಕ್ಕೆ ಉಗುಳಿ ಯಾರಿಗೋ ಕೆಟ್ಟ ಬೈಗುಳ ಬೈಯುತ್ತಾನೆ. ಆದರೆ ಮಾವ ರೇಡಿಯೊವನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಟಪ್ಪನೆ ಆರಿಸುತ್ತಾರೆ.

‘ಸುಮ್ನಿರ್ರೋ! ಆಕಾಶವಾಣಿ ಹೇಳೈತಾ? ಜೆಪಿನ ಬದುಕಿದ್ದಾಗಲೇ ಸಾಯಿಸಿದ್ರಲ್ಲ, ಮರ್ತೋಯ್ತಾ?’

ಯಾರೂ ಮರೆತಿಲ್ಲ. 1979ರ ಮಾರ್ಚಿನಲ್ಲಿ ಜಯಪ್ರಕಾಶ ನಾರಾಯಣರು ತೀರಿಕೊಂಡರೆಂದು ಮೊರಾರ್ಜಿ ದೇಸಾಯಿಯವರು ಸಂಸತ್ತಿನಲ್ಲಿ ಹೇಳಿ, ಆಕಾಶವಾಣಿಯೂ ಸಾರಿ, ದೇಶ ಅತ್ತು ಮುಗಿಸಿದ ಮೇಲೆ ಆಸ್ಪತ್ರೆಯ ಮಂಚದ ಮೇಲೆ ಜೆಪಿ ಉಸಿರಾಡುತ್ತಿದ್ದರು. ನಿಜವಾಗಿ ಹೋದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಒಮ್ಮೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಗೂ ಊದುತ್ತಾರೆ, ಸರಿ. ಆದರೆ ಇವತ್ತಿನ ಮೌನ ಅಷ್ಟೇ ಅಲ್ಲ. ರಾಷ್ಟ್ರಪತಿ ಜೈಲ್ ಸಿಂಗ್ ಯೆಮನ್ನಿನಿಂದ ಹೊರಟು ಬರುತ್ತಿದ್ದಾರೆ, ಮಗ ರಾಜೀವ್ ಬಂಗಾಳದ ಪ್ರವಾಸದಲ್ಲಿದ್ದವರು ದಾರಿಯಲ್ಲಿ ತಾವೂ ಬಿಬಿಸಿಯನ್ನೇ ಕೇಳಿಕೊಂಡು ದೆಹಲಿ ಸೇರುತ್ತಿದ್ದಾರೆ. ಕುರ್ಚಿ ಖಾಲಿಯೆಂದು ಸಾರುವ ಮೊದಲು ಅದರಲ್ಲಿ ಯಾರು ಕೂರುವವರೆಂದು ತೀರ್ಮಾನವಾಗಬೇಕು. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯನ್ನು ಸ್ವತಃ ಇದೇ ರೇಡಿಯೊದಲ್ಲಿ ಸಾರಿದ ಹೆಂಗಸು, ಜನ ‘ಆಲ್ ಇಂದಿರಾ ರೇಡಿಯೊ’ ಎಂದು ನಕ್ಕ ರೇಡಿಯೊ. ಇವತ್ತು ಅದು ಆಕೆಯ ಸಾವನ್ನು ಬಾಯೊಳಗೇ ಇಟ್ಟುಕೊಂಡು ಕೂತಿದೆ. ನನ್ನ ಮಟ್ಟಿಗೆ ಇದು ಪತ್ರಿಕಾಧರ್ಮವಲ್ಲ. ಆದರೆ ನೀವು ಈಗಷ್ಟೇ ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ.

ಗುಂಪು ಚದುರುವುದಿಲ್ಲ. ಒಂದು ಅಂಗಡಿಯ ಹಲಗೆ ಮುಚ್ಚುವ ಸದ್ದು, ಇನ್ನೊಂದು. ಮಾವ ನಿಮ್ಮ ರಟ್ಟೆ ಹಿಡಿದು ಒಲೆಯ ಹಿಂದಕ್ಕೆ ಎಳೆಯುತ್ತಾರೆ. ಹೊಗೆಯಲ್ಲಿ ಕಣ್ಣು ಉರಿಯುತ್ತದೆ.

‘ನಿನ್ ಮುಖ ನೋಡ್ದೆ. ಏನೋ ನುಂಗ್ದೆ. ಏನು?’

ಹೇಳುತ್ತೀರಿ. ಮಾವ ಒಂದು ಮಾತೂ ಆಡುವುದಿಲ್ಲ. ಹೆಗಲ ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ‘ಆಕಾಶವಾಣಿ ಹೇಳಿಲ್ಲ’ ಎನ್ನುತ್ತಾರೆ, ಆದರೆ ಕಣ್ಣು ನೆರಳಿನ ಟ್ಯಾಕ್ಸಿಯ ಮೇಲಿದೆ. ‘ಹಿಂದಿ ಬರ್ತದಲ್ಲ ನಿಂಗೆ? ಓಡು. ಓಡ್ಬೇಡ, ನಡಕೊಂಡ್ ಹೋಗು.’

ಆ ಇನ್ನೂರು ಹೆಜ್ಜೆ ನಿಮ್ಮ ಕಾಲಿಗೆ ಈಗಲೂ ನೆನಪಿದೆ. ಚಪ್ಪಲಿ ಬಿಟ್ಟ ಅಂಗಾಲಿಗೆ ಹಾಸುಗಲ್ಲು ಕಾವಲಿ. ಗೋಪುರವಿಲ್ಲದ ಗುಡಿ, ಬುಡದಲ್ಲಿ ಆನೆಗಳ ಸಾಲು, ಯಾವ ಆನೆಯೂ ನಿಮ್ಮ ಕಡೆ ನೋಡುತ್ತಿಲ್ಲ. ದೋರಸಮುದ್ರದ ಕೆರೆಯ ಕಡೆಯಿಂದ ತಂಪು ಗಾಳಿ. ಇದೇ ಊರಿಗೆ 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಾಗ ದೊರೆ ಮೂರನೇ ಬಲ್ಲಾಳ ಊರಲ್ಲಿರಲಿಲ್ಲ, ತೆಂಕಣಕ್ಕೆ ದಂಡೆತ್ತಿ ಹೋಗಿದ್ದ. ಸುದ್ದಿ ಅವನನ್ನು ಮುಟ್ಟಿದ್ದು ಕುದುರೆಯ ಕಾಲಿನ ವೇಗದಲ್ಲಿ. ಇವತ್ತು ಸುದ್ದಿ ಬೆಳಕಿನ ವೇಗದಲ್ಲಿ ಬಂದಿದೆ, ತಲುಪಿಸುವ ಕಾಲು ನಿಮ್ಮದು.

ಅವರು ದೊಡ್ಡ ನಂದಿಯ ಮಂಟಪದಲ್ಲಿದ್ದಾರೆ. ಹುಡುಗ ಉಪ್ಪುಖಾರ ಸವರಿದ ಸೀಬೆಹಣ್ಣು ಕಚ್ಚಿ, ಖಾರಕ್ಕೆ ನಾಲಿಗೆ ಚಾಚಿ ನಗುತ್ತಿದ್ದಾನೆ. ಹೇಗೆ ಶುರು ಮಾಡುವುದು? ಪಿಯುಸಿಯಲ್ಲಿ ಕಲಿತ ಹಿಂದಿಯಲ್ಲಿ ಸಾವಿಗೆ ಗೌರವದ ಪದ ಯಾವುದು? ನೀವು ‘ಭಾಯಿಸಾಬ್’ ಅಂದು ನಿಲ್ಲುತ್ತೀರಿ. ಆಮೇಲೆ ಎಲ್ಲ ಒಟ್ಟಿಗೆ ಹೊರಬರುತ್ತದೆ: ಇಂದಿರಾಜಿ, ಗೋಲಿ, ಬಿಬಿಸಿ. ಕೊನೆಯ ಮಾತನ್ನು ಹೇಳಲಾರದೆ ನಿಮ್ಮ ಕೈ ತಾನಾಗಿ ನಿಮ್ಮ ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ಪೇಟ ಸುತ್ತಿದ ಹಾಗೆ.

ಆತ ಬೆಚ್ಚುವುದಿಲ್ಲ. ಜೂನ್ ತಿಂಗಳಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದ ದಿನದಿಂದ ಇಂಥದ್ದೊಂದನ್ನು ಕಾಯುತ್ತಿದ್ದವನ ಹಾಗೆ ಒಮ್ಮೆ ಕಣ್ಣು ಮುಚ್ಚುತ್ತಾನೆ. ಕೈ ಹುಡುಗನ ತಲೆಯ ಮೇಲೆ ಹೋಗಿ ಆ ಬಿಳಿ ಕರ್ಚೀಫಿನ ಮೇಲೆ ನಿಲ್ಲುತ್ತದೆ. ಹೆಂಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಾಳೆ, ಅದು ಆಗಲೇ ಬಿಗಿಯಾಗಿದೆ.

ಟ್ಯಾಕ್ಸಿಯ ಹತ್ತಿರ ಮಾವ ನಿಂತಿದ್ದಾರೆ. ಹಿಂದಿ ಬಾರದ ಮಾವ ಡ್ರೈವರಿಗೆ ಕನ್ನಡದಲ್ಲಿ ಹೇಳುತ್ತಾರೆ: ‘ಹಾಸನದಲ್ಲಿ ಬಸ್ ಸ್ಟ್ಯಾಂಡ್ ಕಡೆ ತಿರುಗ್ಬೇಡ. ಎಲ್ಲೂ ಟೀ ಗೀ ಅಂತ ನಿಲ್ಲಿಸ್ಬೇಡ. ಕತ್ಲಾಗೋದ್ರೊಳಗೆ ಯಡಿಯೂರು ದಾಟಿರ್ಬೇಕು, ಗೊತ್ತಾಯ್ತಾ?’ ಗುಂಪಿನ ನಾಲ್ಕೈದು ಜನ ಇತ್ತ ನೋಡುತ್ತಾರೆ. ಒಬ್ಬ ಎರಡು ಹೆಜ್ಜೆ ಹತ್ತಿರ ಬರುತ್ತಾನೆ. ನಿಮ್ಮ ಹೊಟ್ಟೆಯೊಳಗೆ ತಣ್ಣನೆ ಏನೋ ಹರಿಯುತ್ತದೆ. ಅವನಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ? ಮಾವ ಎದೆಯುಬ್ಬಿಸಿ ಅಡ್ಡ ನಿಲ್ಲುತ್ತಾರೆ. ಆ ಮನುಷ್ಯ ಕೇಳುತ್ತಾನೆ: ‘ಆರಕ್ಕೆ ವಾರ್ತೆ ಹಾಕ್ತೀಯೇನಣ್ಣ?’

‘ಹಾಕ್ತೀನಿ ಹೋಗು.’

ಅತ್ತೆ ಒಳಗಿನಿಂದ ಬಾಳೆಎಲೆಯಲ್ಲಿ ಚಿತ್ರಾನ್ನ ಕಟ್ಟಿದ ಪೊಟ್ಟಣ ತಂದು ಕಿಟಕಿಯೊಳಗೆ ಇಡುತ್ತಾಳೆ. ದುಡ್ಡು ಕೊಡಲು ಬಂದ ಕೈಯನ್ನು ಹಿಂದಕ್ಕೆ ದೂಡುತ್ತಾಳೆ. ಅಂಬಾಸಡರ್ ಧೂಳೆಬ್ಬಿಸಿ ತಿರುಗುತ್ತದೆ. ಹಿಂದಿನ ಗಾಜಿನಲ್ಲಿ ಹುಡುಗನ ತಲೆ ಒಂದು ಕ್ಷಣ ಕಂಡು, ಯಾರೋ ಅದನ್ನು ಕೆಳಕ್ಕೆ ಒತ್ತಿದ ಹಾಗೆ ಮರೆಯಾಗುತ್ತದೆ. ಇನ್ನು ಕೆಲವೇ ಗಂಟೆಗಳಲ್ಲಿ ದೆಹಲಿಯಲ್ಲಿ ಶುರುವಾಗಿ ಮುಂದಿನ ಮೂರು ನಾಲ್ಕು ದಿನ ನಡೆಯುವ ಹಿಂಸೆಯಲ್ಲಿ ಸತ್ತ ಸಿಖ್ಖರು, ಸರ್ಕಾರದ ಲೆಕ್ಕಕ್ಕೇ, 2,733 ಮಂದಿ. ದೆಹಲಿಯೊಂದರಲ್ಲೇ.

ನಾಲ್ಕು, ಐದು. ಸೆಲ್ಲುಗಳು ಮತ್ತೆ ಹೆಂಚಿನ ಮೇಲಿವೆ. ಬಿಸಿಲು ಇಳಿದಾಗ ಮಾವ ಅವನ್ನು ಒಲೆಯ ಕಟ್ಟೆಗೆ ತಂದು, ಕೋಳಿ ಮೊಟ್ಟೆ ತಿರುವಿದ ಹಾಗೆ ಒಂದೊಂದನ್ನೇ ತಿರುವುತ್ತಾರೆ. ಬೇಲೂರಿನ ಬಸ್ಸು ಬಂದಿಲ್ಲ. ಜನ ಸದ್ದಿಲ್ಲದೆ ಸೇರುತ್ತಿದ್ದಾರೆ, ಮಧ್ಯಾಹ್ನಕ್ಕಿಂತ ಮೂರು ಪಟ್ಟು. ಕೆರೆಯ ಮೇಲೆ ಬೆಳಕು ಕೆಂಪಾಗಿ, ಆಮೇಲೆ ಬೂದಿಯಾಗುತ್ತದೆ. ಯಾರೋ ಕೆಮ್ಮುತ್ತಾರೆ, ಯಾರೋ ಅವನನ್ನು ಗದರುತ್ತಾರೆ.

ಆರು. ಮಾವ ತಿರುಪು ತಿರುಗಿಸುತ್ತಾರೆ. ಏನೂ ಇಲ್ಲ. ಬೆನ್ನು ತಟ್ಟುತ್ತಾರೆ. ಸೊಳ್ಳೆಯಷ್ಟು ಸಣ್ಣ ದನಿ, ದೆಹಲಿಯದು. ನೂರು ಜನ ಉಸಿರು ಹಿಡಿಯುತ್ತಾರೆ. ಅದು ಹೇಳುತ್ತದೆ. ಮಧ್ಯಾಹ್ನದಿಂದ ನೀವು ಹೊತ್ತಿದ್ದನ್ನು ಈಗ ಹೇಳುತ್ತದೆ, ಒಂದೇ ವಾಕ್ಯದಲ್ಲಿ. ನೀವು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದರೆ ಮಾವ ಕೈ ಎತ್ತುತ್ತಾರೆ. ‘ಬ್ಯಾಡ. ತಿಳೀತು.’ ಕೃಷಿರಂಗವಿಲ್ಲ, ಚಿತ್ರಗೀತೆಯಿಲ್ಲ. ವಾದ್ಯವೊಂದು ಎಳೆಯತೊಡಗುತ್ತದೆ, ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ. ಮುಗಿದದ್ದು ಹಾಡೋ ಸೆಲ್ಲೋ ಗೊತ್ತಾಗುವುದಿಲ್ಲ. ಮಾವ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಡುತ್ತಾರೆ. ಹೆಗಲು ಅಲುಗುತ್ತಿದೆ.

ಕತ್ತಲಾದ ಮೇಲೆ ಅತ್ತೆ ಬುಡ್ಡಿ ಹಚ್ಚಿ ತಂದು ಕೇಳುತ್ತಾಳೆ: ‘ಅವ್ರು ಎಲ್ಲಿಗ್ ಹೋಗಿರ್ಬೋದು ಈಗ?’

ಮಾವ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಕಾರು ಹಳೇಬೀಡು ಬಿಟ್ಟದ್ದು ಮೂರೂಕಾಲಿಗೆ. ಆಕಾಶವಾಣಿ ಹೇಳಿದ್ದು ಆರಕ್ಕೆ.